ಗೆರೆಗೆ ಅಡ್ಡ ನಿಂತ ವರ್ಡೀ ಸ್ಟೇಮಿ

ಕೇನ್ ಫೋರ್ಕ್ ಊರಿನಲ್ಲಿ ಹಾಸಿಗೆ ಹಿಡಿದವರಿಗೂ ಸ್ಟೇಮಿಯವರ ಗಾಡಿಯೇ, ಪ್ರಾಣ ಬಿಟ್ಟವರಿಗೂ ಸ್ಟೇಮಿಯವರ ಗಾಡಿಯೇ. ಇದ್ದದ್ದು ಒಂದೇ ಗಾಡಿ. ಉದ್ದನೆಯ ಕಪ್ಪು ಮೈ, ಹಿಂದೆ ಪರದೆ ಇಳಿಬಿಟ್ಟ ಕಿಟಕಿಗಳು. ಆಸ್ಪತ್ರೆಗೆ ಹೊರಟಾಗ ನೆತ್ತಿಯ ಮೇಲೆ ಕೆಂಪು ದೀಪ ಕೂರಿಸುತ್ತಿದ್ದರು, ಸ್ಮಶಾನಕ್ಕೆ ಹೊರಟಾಗ ಅದನ್ನು ಕಳಚಿ ಸೀಟಿನ ಕೆಳಗೆ ತಳ್ಳುತ್ತಿದ್ದರು. ಮುದುಕ ಆಂಬ್ರೋಸ್ ಸ್ಟೇಮಿ ಅಂಗಡಿಯ ಮುಂಭಾಗದಲ್ಲಿ ಮಂಚ, ಕುರ್ಚಿ ಮಾರುತ್ತಿದ್ದ. ಹಿಂದಿನ ಕೋಣೆಯಲ್ಲಿ ಶವಪೆಟ್ಟಿಗೆ. ಉತ್ತರ ಕ್ಯಾರೊಲಿನಾದ ಆ ಬೆಟ್ಟದೂರುಗಳಲ್ಲಿ ಈ ಎರಡು ವ್ಯಾಪಾರ ಒಂದೇ ಸೂರಿನಡಿ ನಡೆಯುತ್ತಿದ್ದ ಕಾಲ ಅದು. ಯಾರಿಗೂ ಅದರಲ್ಲಿ ವಿಚಿತ್ರ ಕಾಣುತ್ತಿರಲಿಲ್ಲ.

ವರ್ಡೀ ಆ ಮನೆಗೆ ಸೊಸೆಯಾಗಿ ಬಂದಾಗ ಇನ್ನೂ ಇಪ್ಪತ್ತು ದಾಟಿರಲಿಲ್ಲ. ಅವಳಪ್ಪ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಿದ್ದವನು. ಕಾಲು ಪೆಡಲಿಗೆ ನೆಟ್ಟಗೆ ಎಟುಕುವ ಮುಂಚೆಯೇ ಮಗಳಿಗೆ ಲಾರಿ ಕಲಿಸಿದ್ದ. ಆಮೇಲೂ ಅವಳ ಕಾಲು ಅಷ್ಟೇನೂ ಬೆಳೆಯಲಿಲ್ಲ. ಗಿಡ್ಡ ಮೈ, ಚೂಪು ಗದ್ದ, ಎದುರಿಗಿದ್ದವರು ಮಾತು ಮುಗಿಸುವವರೆಗೂ ಕಣ್ಣು ಮಿಟುಕಿಸದೆ ನೋಡುವ ಅಭ್ಯಾಸ. ಗಂಡ ಗ್ರೇಡಿ, ಮುದುಕನ ಹಿರಿಮಗ. ಮಾತಿನಲ್ಲಿ ಜಿಪುಣ, ಎಂಜಿನ್ನಿನ ಮುಂದೆ ಮಾತ್ರ ಮನಸ್ಸು ಬಿಚ್ಚುವವನು. ಅವರಿಗೆ ಮಕ್ಕಳಾಗಲಿಲ್ಲ. ಊರಿನವರು ಅದರ ಬಗ್ಗೆ ಆಡುವಷ್ಟು ಆಡಿ ಸುಮ್ಮನಾದರು.

ಯುದ್ಧ ಬಂತು. ಗ್ರೇಡಿ ಇಟಲಿಗೆ ಹೋದ, ಅವನ ತಮ್ಮ ಕ್ಲೋವಿಸ್ ಪೆಸಿಫಿಕ್ ಸಮುದ್ರದ ಕಡೆಗೆ. ಗಾಡಿ ಓಡಿಸಲು ಉಳಿದವನು ಮುದುಕನೊಬ್ಬನೇ. ಅವನ ಕಣ್ಣಿಗೆ ಪೊರೆ ಬಂದಿತ್ತು. ಚರ್ಚಿನಿಂದ ಮನೆಗೆ ಬರುವುದರೊಳಗೆ ಎರಡು ಬೇಲಿ ಕಂಬ ಉರುಳಿಸಿದ್ದ. ಹಾಗಿರುವಾಗ ಒಂದು ಮಧ್ಯಾಹ್ನ ಫೋನು ಬಂತು. ಬೆಟ್ಟದ ಮೇಲೆ ಗಿರಣಿ ಕೆಲಸದವನೊಬ್ಬನ ಹೆಂಡತಿಗೆ ಹೆರಿಗೆ ಕಷ್ಟವಾಗಿದೆ, ರಕ್ತ ನಿಲ್ಲುತ್ತಿಲ್ಲ, ಸೂಲಗಿತ್ತಿ ಕೈಚೆಲ್ಲಿದ್ದಾಳೆ. ಮುದುಕ ಕೋಟು ಹಾಕಿಕೊಂಡು ಕೀ ಹುಡುಕತೊಡಗಿದ. ಕೀ ಅವನ ಕೈಯಲ್ಲೇ ಇತ್ತು.

"ಮಾವ, ಕೀ ಇಲ್ಲಿ ಕೊಡಿ," ಅಂದಳು ವರ್ಡೀ.

"ಹೆಂಗಸು ಹೆಣದ ಗಾಡಿ ಓಡ್ಸೋದಾ? ಜನ ಏನಂತಾರೆ?"

"ಹೋಗ್ತಾ ಅದು ಹೆಣದ ಗಾಡಿ ಅಲ್ಲ. ಹೀಗೇ ನಿಂತಿದ್ರೆ ಬರ್ತಾ ಆಗುತ್ತೆ. ಕೊಡಿ."

ಮುದುಕ ಕೊಟ್ಟ.

ಆಸ್ಪತ್ರೆ ಇದ್ದದ್ದು ಬಕ್‌ಹಾರ್ನ್ ಘಾಟಿಯ ಕೆಳಗೆ, ಬಯಲಿನ ಊರಿನಲ್ಲಿ. ಘಾಟಿಯ ರಸ್ತೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ನಡುವೆ ಜಲ್ಲಿ ಕಿತ್ತುಹೋದ ಮಣ್ಣು. ವರ್ಡೀ ಮೊದಲ ತಿರುವಿನಲ್ಲಿ ಲಾರಿಗೆ ಹಾಕುವ ಹಾಗೆ ಗಪ್ಪನೆ ಬ್ರೇಕು ಹಾಕಿದಳು. ಹಿಂದೆ ಮಲಗಿದ್ದವಳು ಕಿರುಚಿದಳು. ನಿಧಾನ ಮಾಡಿದರೆ ರಕ್ತ ಹರಿದುಹೋಗುತ್ತದೆ, ಜೋರು ಮಾಡಿದರೆ ಗಾಡಿ ಕುಲುಕಿ ಜೀವ ಹೋಗುತ್ತದೆ. ಎರಡನೇ ತಿರುವಿಗೆ ಬಹಳ ಮುಂಚೆಯೇ ವೇಗ ಇಳಿಸಿದಳು, ಸ್ಟಿಯರಿಂಗನ್ನು ಒಮ್ಮೆ ಮಾತ್ರ ತಿರುಗಿಸಿ ಹಾಗೇ ಹಿಡಿದಳು, ಗಾಡಿ ತಾನಾಗಿ ನೆಟ್ಟಗಾಗುವವರೆಗೆ ಕಾದು ಆಮೇಲೆ ಪೆಡಲು ಒತ್ತಿದಳು. ಹಿಂದಿನಿಂದ ನರಳುವ ಸದ್ದು ಮಾತ್ರ ಬಂತು. ಮೂರನೆಯದಕ್ಕೆ ಅದೂ ಬರಲಿಲ್ಲ. ಬರದಿದ್ದುದಕ್ಕೆ ಹೆದರಿ, "ಅಮ್ಮಾ, ಇದ್ದೀಯಾ?" ಎಂದು ಕೂಗಿದಳು. "ಇದ್ದೀನಿ, ನೀನು ಮುಂದೆ ನೋಡು," ಎಂದಳು ಆಕೆ. ತಾಯಿ ಮಗು ಇಬ್ಬರೂ ಉಳಿದರು.

ಯುದ್ಧ ಮುಗಿಯುವವರೆಗೂ ಗಾಡಿ ಅವಳ ಕೈಯಲ್ಲೇ ಇತ್ತು. ಗರಗಸಕ್ಕೆ ಕೈ ಕೊಟ್ಟವರು, ಹಾವು ಕಚ್ಚಿಸಿಕೊಂಡವರು, ಕೆಮ್ಮಿ ಕೆಮ್ಮಿ ಬಸವಳಿದ ಮಕ್ಕಳು, ಎಲ್ಲರನ್ನೂ ಅವಳೇ ಇಳಿಸಿದಳು. ಘಾಟಿಯ ಒಂದೊಂದು ಗುಂಡಿಯೂ ಅವಳ ಸೊಂಟಕ್ಕೆ ಪರಿಚಯವಾಯಿತು. ರೋಗಿಯ ಉಸಿರು ಕೇಳಿಸಿಕೊಂಡು ಓಡಿಸುವುದು ಅವಳಿಗೆ ಹಾಡು ಕೇಳಿಕೊಂಡು ಬಟ್ಟೆ ಒಗೆಯುವಷ್ಟು ಸಲೀಸಾಯಿತು.

ಗಂಡಸರು ವಾಪಸು ಬಂದರು. ಗ್ರೇಡಿಯ ಒಂದು ಕಿವಿ ಇಟಲಿಯಲ್ಲೇ ಉಳಿದಿತ್ತು. ಅವನು ಅಂಗಡಿಯ ಹಿತ್ತಿಲಲ್ಲಿ ಗ್ಯಾರೇಜು ಹಾಕಿಕೊಂಡ. ಮುದುಕ ಗಾಡಿಯ ಕೀಯನ್ನು ಕ್ಲೋವಿಸನಿಗೆ ಕೊಟ್ಟು ಸೊಸೆಗೆ, "ಸಾಕಷ್ಟು ಕಷ್ಟಪಟ್ಟೆ ಮಗಳೇ, ಇನ್ನು ಒಳಗಿರು," ಅಂದ. ಒಳಗೆ ಅಂದರೆ ಶವಪೆಟ್ಟಿಗೆಗೆ ಸ್ಯಾಟಿನ್ ಬಟ್ಟೆ ಹೊಲಿಯುವ ಕೆಲಸ. ಅವಳು ಹೊಲಿದಳು. ಕ್ಲೋವಿಸ್ ಒಳ್ಳೆಯವನೇ, ಆದರೆ ಗಾಡಿಯನ್ನು ಕತ್ತೆಯ ಹಾಗೆ ಒದ್ದು ಓಡಿಸುತ್ತಿದ್ದ. ಊರಿನ ಪೋಸ್ಟ್ ಮಾಸ್ತರನ ಹೆಂಡತಿ ಹೊಟ್ಟೆನೋವಿನಲ್ಲಿ ಒದ್ದಾಡುತ್ತ ಫೋನು ಮಾಡಿಸಿದ್ದು ಹೀಗೆ: "ವರ್ಡೀನ ಕಳಿಸ್ರಪ್ಪ. ಕ್ಲೋವಿಸ್ ಬರೋ ಹಾಗಿದ್ರೆ ಬೇಡ, ನಾನು ನನ್ನ ಹಾಸಿಗೇಲೇ ಸಾಯ್ತೀನಿ."

ಅದೇ ಕಾಲಕ್ಕೆ ತಂಬಾಕು ಮಂಡಿಯ ಪ್ರೂಯಿಟ್ ತನ್ನ ದನ ಮೇಯುವ ಬಯಲನ್ನು ಮೊಟ್ಟೆಯಾಕಾರಕ್ಕೆ ಕೆತ್ತಿಸಿ, ಕೆಮ್ಮಣ್ಣು ಹಾಸಿ, ಭಾನುವಾರದ ಕಾರು ಓಟ ಶುರುಮಾಡಿದ. ರಸ್ತೆಯಲ್ಲಿ ಓಡುವ ಮಾಮೂಲಿ ಕಾರುಗಳೇ. ಗಾಜು ಕಿತ್ತು, ಬಾಗಿಲಿಗೆ ಬೆಲ್ಟು ಬಿಗಿದು ತಂದರೆ ಅದೇ ಸ್ಟಾಕ್ ಕಾರು. ಚರ್ಚಿನಲ್ಲಿ ಪಾದ್ರಿ ಭಾನುವಾರ ಓಡುವವರು ಎಲ್ಲಿಗೆ ಹೋಗಿ ಸೇರುತ್ತಾರೆ ಎಂದು ಹೇಳಿ ಮುಗಿಸುವ ಹೊತ್ತಿಗೆ ಅರ್ಧ ಸಭೆ ಕೆಮ್ಮಣ್ಣಿನ ಕಡೆಗೆ ಹೊರಟಿರುತ್ತಿತ್ತು.

ಜನರನ್ನು ನಗಿಸಲೆಂದು ಪ್ರೂಯಿಟ್ ಒಮ್ಮೆ ಹೆಂಗಸರ ಓಟ ಇಟ್ಟ. ಚರ್ಚಿನ ಟೋಪಿ ಹಾಕಿಕೊಂಡು ಬಂದವರಿದ್ದರು, ಮೊದಲ ತಿರುವಿನಲ್ಲೇ ಕಾರು ನಿಲ್ಲಿಸಿ ಗಂಡನನ್ನು ಕೂಗಿದವರಿದ್ದರು. ವರ್ಡೀ ಗ್ರೇಡಿಯ ಹಳೆಯ ಫೋರ್ಡ್ ತಂದಿದ್ದಳು. ಉಳಿದವರಿಗೆ ಒಂದು ಸುತ್ತು ಬಾಕಿ ಇರುವಾಗಲೇ ಅವಳು ಮುಗಿಸಿ, ಕೆಳಗಿಳಿದು, ಲಂಗದ ಧೂಳು ಕೊಡವಿಕೊಳ್ಳುತ್ತಿದ್ದಳು. ಪ್ರೂಯಿಟ್ ನಗುತ್ತ ಬಂದು ಬಹುಮಾನ ಅಂತ ಒಂದು ಇಸ್ತ್ರಿ ಪೆಟ್ಟಿಗೆ ಕೈಗಿಟ್ಟ.

"ಗಂಡಸರಲ್ಲಿ ಗೆದ್ದೋರಿಗೂ ಇಸ್ತ್ರಿ ಪೆಟ್ಟಿಗೇನಾ, ಮಿಸ್ಟರ್ ಪ್ರೂಯಿಟ್?"

"ಇಲ್ಲಮ್ಮ, ಅವರಿಗೆ ಟ್ರೋಫಿ."

"ಹಾಗಾದ್ರೆ ಮುಂದಿನ ವಾರ ಅವರ ಜೊತೆ ಓಡ್ತೀನಿ. ಇಸ್ತ್ರಿ ಪೆಟ್ಟಿಗೆ ನಮ್ಮನೇಲಿ ಇದೆ."

ಪ್ರೂಯಿಟ್ ಇನ್ನೂ ಜೋರಾಗಿ ನಕ್ಕ. ಅವಳು ನಗುತ್ತಿಲ್ಲ ಎಂದು ಗೊತ್ತಾದ ಮೇಲೆ ಗಂಟಲು ಸರಿಮಾಡಿಕೊಂಡು ನಿಯಮ ಹೇಳಿದ. ಕಾರುಗಳನ್ನು ರಿಪೇರಿ ಮಾಡುವ ಒಳಗಿನ ಅಂಗಳಕ್ಕೆ, ಅಂದರೆ ಪಿಟ್ಟಿಗೆ, ಹೆಂಗಸರು ಕಾಲಿಡುವಂತಿಲ್ಲ. ಪಿಟ್ಟಿಗೆ ಬರದವರು ಓಡುವಂತಿಲ್ಲ. ಇದು ಎಲ್ಲ ಕಡೆಯೂ ಹೀಗೇ.

ಮನೆಗೆ ಬಂದ ಮೇಲೆ ಗ್ರೇಡಿ ಆಗಲಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಮರುದಿನ ಫೋರ್ಡಿನ ಸೀಟನ್ನು ಮುಂದಕ್ಕೆ ಎಳೆದು ಅವಳ ಕಾಲಿನ ಅಳತೆಗೆ ವೆಲ್ಡ್ ಮಾಡಿಬಿಟ್ಟ. ಇನ್ನು ಆ ಕಾರಿನಲ್ಲಿ ಬೇರೆ ಯಾವ ಗಂಡಸೂ ಮೊಣಕಾಲು ತೂರಿಸಲಾರ. ವರ್ಡೀ ಅದನ್ನು ನೋಡಿ ಆ ದಿನ ಅವನಿಗೆ ಬಾಳೆಹಣ್ಣಿನ ಪುಡಿಂಗು ಮಾಡಿದಳು. ಆ ಗಂಡ ಹೆಂಡಿರ ನಡುವೆ ಇದಕ್ಕಿಂತ ಹೆಚ್ಚಿನ ಮಾತುಕತೆ ಆಗಲಿಲ್ಲ.

ಆ ಬೇಸಿಗೆಯುದ್ದಕ್ಕೂ ಭಾನುವಾರ ಬಂತೆಂದರೆ ಅವಳು ಫೋರ್ಡ್ ತಂದು ಗೇಟಿನ ಹೊರಗೆ ನಿಲ್ಲಿಸುತ್ತಿದ್ದಳು. ಶಿರಸ್ತ್ರಾಣ ತೊಟ್ಟು, ಎಂಜಿನ್ ಬಿಸಿ ಮಾಡಿ, ಕೊನೆಯ ಓಟ ಮುಗಿಯುವವರೆಗೆ ಕೂತಿದ್ದು ಮನೆಗೆ ಹೋಗುತ್ತಿದ್ದಳು. ಬಂದ ಜನ ಮೊದಮೊದಲು ಕಿಚಾಯಿಸಿದರು. ಆಮೇಲೆ ಅವಳಿಗೆ ಕೈ ಬೀಸತೊಡಗಿದರು. ಕಡೆಕಡೆಗೆ, ಅವಳನ್ನು ಯಾಕೆ ಬಿಡುತ್ತಿಲ್ಲ ಎಂದು ಪ್ರೂಯಿಟನನ್ನೇ ಕೇಳತೊಡಗಿದರು.

ಶರತ್ಕಾಲದಲ್ಲಿ ಒಂದು ಭಾನುವಾರ ಮಳೆ ಬಂದು ಘಾಟಿಯ ಕೆಳಗಿನ ಕಾರುಗಳಿಗೆ ಮೇಲೆ ಬರಲಾಗಲಿಲ್ಲ. ಬೆರಳೆಣಿಕೆಯಷ್ಟು ಕಾರು. ಟಿಕೆಟ್ಟು ತೆಗೆದು ಕೂತ ಜನ ಹಲಗೆಗಳ ಮೇಲೆ ಕಾಲು ಕುಟ್ಟತೊಡಗಿದರು. ಪ್ರೂಯಿಟ್ ಗೇಟಿಗೆ ಬಂದು, ಅವಳ ಮುಖ ನೋಡದೆ, "ಸರಿ, ಒಳಗೆ ಬಾ. ಪಿಟ್ಟಿಗೆ ಮಾತ್ರ ಕಾಲಿಡಬೇಡ," ಅಂದ.

"ಕಾಲಿಡಲ್ಲ. ಚಕ್ರ ಇಡ್ತೀನಿ, ಸಾಕು."

ಆ ಸುತ್ತಮುತ್ತಲಿನ ಹೆಸರಾಂತ ಓಟಗಾರ ರಾಯ್ಸ್ ಟಾಲಿ ಕಾರಿನಿಂದ ಇಳಿದೇಬಿಟ್ಟ. "ಹೆಣದ ಗಾಡಿ ಓಡ್ಸಿದೋಳ ಜೊತೆ ನಾನು ಓಡಲ್ಲ. ಅಪಶಕುನ. ಮೇಲಾಗಿ ನೋಡಿ, ಕಡಲೆಕಾಯಿ ಬೇರೆ ತಿಂತಾಳೆ!"

ಓಟದ ಕಣದಲ್ಲಿ ಕಡಲೆಕಾಯಿ ಸಿಪ್ಪೆ ಕಂಡರೆ ಆ ಗಂಡಸರ ಕೈಕಾಲು ತಣ್ಣಗಾಗುತ್ತಿತ್ತು. ಯಾರೋ ಎಂದೋ ಸಿಪ್ಪೆ ಬಿದ್ದ ಜಾಗದಲ್ಲಿ ಕಾರು ಮಗುಚಿಕೊಂಡಿದ್ದರಂತೆ. ವರ್ಡೀಗೆ ಬೇಯಿಸಿದ ಕಡಲೆಕಾಯಿ ಅಂದರೆ ಪ್ರಾಣ.

"ಟಾಲಿಯವರೇ," ಎಂದಳು ಅವಳು ಕಿಟಕಿಯಿಂದಲೇ, "ನನ್ನ ಗಾಡೀಲಿ ಮಲಗಿ ಹೋದೋರು ಯಾರೂ ಇದುವರೆಗೆ ದೂರು ಹೇಳಿಲ್ಲ. ನೀವು ಹಿಂದೆ ಬನ್ನಿ, ಭಯ ಆದ್ರೆ."

ಜನ ಹೋ ಎಂದರು. ರಾಯ್ಸ್ ಮರಳಿ ಕಾರು ಹತ್ತಿದ. ಆ ದಿನ ಅವನೇ ಗೆದ್ದ. ವರ್ಡೀ ಕೊನೆಯಿಂದ ಎರಡನೆಯವಳಾಗಿ ಬಂದಳು. ಆದರೆ ಓಡಿದವಳನ್ನು ಮತ್ತೆ ಗೇಟಿನ ಹೊರಗೆ ಕೂರಿಸುವುದು ಯಾರಿಂದಲೂ ಆಗಲಿಲ್ಲ.

ಪಿಟ್ಟಿನ ನಿಯಮ ಮಾತ್ರ ಹಾಗೇ ಉಳಿಯಿತು. ಗ್ರೇಡಿ ತಂತಿ ಬೇಲಿಯ ಆಚೆ, ಹುಲ್ಲಿನ ಮೇಲೆ, ತನ್ನ ಲಾರಿ ನಿಲ್ಲಿಸಿ ಅಲ್ಲೇ ಗ್ಯಾರೇಜು ಮಾಡಿದ. ಪೆಟ್ರೋಲು ಡಬ್ಬ, ಜ್ಯಾಕು, ಟಯರು ಎಲ್ಲ ಬೇಲಿಯಾಚೆ. ಬೇರೆಯವರ ಕಾರು ಕೆಟ್ಟರೆ ಪಕ್ಕಕ್ಕೆ ಸರಿದು ಪಿಟ್ಟಿಗೆ ಹೋಗುತ್ತಿತ್ತು. ವರ್ಡೀಯದು ಕೆಟ್ಟರೆ ಗೇಟು ದಾಟಿ ಬಯಲು ಸುತ್ತಿ ಬರಬೇಕು. ಅಷ್ಟರಲ್ಲಿ ಓಟ ಕೈಬಿಟ್ಟು ಹೋಗಿರುತ್ತಿತ್ತು. ಹಾಗಾಗಿ ಅವಳು ನಿಲ್ಲದಿರುವುದನ್ನು ಕಲಿತಳು. ಬ್ರೇಕು ಸವೆಸುತ್ತಿರಲಿಲ್ಲ, ಟಯರು ಉಜ್ಜುತ್ತಿರಲಿಲ್ಲ. ಘಾಟಿಯಲ್ಲಿ ರೋಗಿಯನ್ನು ಇಳಿಸಿದ ಹಾಗೆಯೇ ತಿರುವಿಗೆ ಮುಂಚೆ ವೇಗ ಇಳಿಸಿ, ಒಮ್ಮೆ ತಿರುಗಿಸಿ, ಕಾರನ್ನು ಅದರ ಪಾಡಿಗೆ ಬಿಡುತ್ತಿದ್ದಳು. ನೋಡುವವರಿಗೆ ಅದು ನಿಧಾನ ಅನಿಸುತ್ತಿತ್ತು. ಪಕ್ಕದಲ್ಲಿ ಓಡಿದವರಿಗೆ ಗೊತ್ತಿತ್ತು.

ವರ್ಷಗಳು ಹೋದವು. ಐದನೆಯ, ಆರನೆಯ, ಕೆಲವೊಮ್ಮೆ ಮೂರನೆಯ ಸ್ಥಾನ. ಗೆಲುವು ಬರಲಿಲ್ಲ. ರಾಯ್ಸ್ ಅವಳ ಜೊತೆ ಮಾತಾಡುತ್ತಿರಲಿಲ್ಲ. ಅವನ ತಂಗಿಯ ಮಗ ಡೆಲ್ಮರ್ ಮಾತ್ರ ಬೇಲಿಗೆ ಒರಗಿ ನಿಂತು ಗಂಟೆಗಟ್ಟಲೆ ಹರಟುತ್ತಿದ್ದ. ಹಾಲಿನ ವ್ಯಾನು ಓಡಿಸುತ್ತಿದ್ದ ಗಟ್ಟಿಮುಟ್ಟಾದ ಯುವಕ, ಈಚೆಗಷ್ಟೇ ಓಟಕ್ಕೆ ಇಳಿದಿದ್ದ.

"ಮಿಸ್ ವರ್ಡೀ, ಮೂರನೇ ತಿರುವಲ್ಲಿ ನನ್ನ ಹಿಂಭಾಗ ಜಾರುತ್ತಲ್ಲ, ಏನ್ ಮಾಡ್ಲಿ?"

"ಎಷ್ಟು ಹಾಲಿನ ಬಾಟ್ಲಿ ಒಡೆದಿದ್ದೀಯೋ ಈ ತಿಂಗಳು?"

"ಒಂದೂ ಇಲ್ಲ."

"ವ್ಯಾನಲ್ಲಿ ಹೇಗೆ ತಿರುಗಿಸ್ತೀಯೋ ಹಾಗೇ ತಿರುಗಿಸು. ಹಿಂದೆ ಬಾಟ್ಲಿ ಇದೆ ಅಂದ್ಕೋ. ನಿಮ್ಮ ಮಾವ ಹೇಳಿಕೊಟ್ಟಿದ್ದನ್ನ ಮರೆತುಬಿಡು."

"ಮಾವನಿಗೆ ಹೇಳ್ಬೇಡಿ ಮತ್ತೆ," ಎಂದು ಅವನು ನಗುತ್ತಿದ್ದ.

ಪ್ರೂಯಿಟನ ಕಣದಲ್ಲಿ ಅಪಘಾತಕ್ಕೆಂದು ನಿಲ್ಲುತ್ತಿದ್ದ ಗಾಡಿ ಸ್ಟೇಮಿಯವರದೇ, ಓಡಿಸುವವನು ಕ್ಲೋವಿಸ್. ಐವತ್ತೇಳನೇ ಇಸವಿಯ ಆಗಸ್ಟಿನ ಒಂದು ಭಾನುವಾರ ಓಟದ ನಡುವೆಯೇ ಮುದುಕ ಆಂಬ್ರೋಸ್ ಹೇಳಿ ಕಳಿಸಿದ. ಊರಿನ ದೊಡ್ಡ ಮನೆಯೊಂದರ ಶವಯಾತ್ರೆ, ಗಾಡಿ ಬೇಕು. ಕ್ಲೋವಿಸ್ ದೀಪ ಕಳಚಿ ಸೀಟಿನ ಕೆಳಗಿಟ್ಟು ಹೊರಟುಹೋದ. ಗಾಡಿ ಇಲ್ಲದ್ದನ್ನು ಯಾರೂ ಗಮನಿಸಲಿಲ್ಲ. ವರ್ಡೀಯೂ ಗಮನಿಸಲಿಲ್ಲ.

ಮೂರನೇ ತಿರುವಿನಲ್ಲಿ ಮುಂದಿದ್ದ ಕಾರಿನ ಚಕ್ರ ಕಳಚಿ ಬಂದು ಡೆಲ್ಮರನ ಕಾರಿಗೆ ಅಪ್ಪಳಿಸಿತು. ಕಾರು ಮಗುಚಿ, ಮತ್ತೆ ಮಗುಚಿ, ಮಣ್ಣಿನ ದಿಬ್ಬಕ್ಕೆ ಕುಕ್ಕಿತು. ಎಳೆದು ತೆಗೆದಾಗ ಅವನಿಗೆ ಎಚ್ಚರವಿತ್ತು. ಎಲ್ಲರೂ ಗಾಡಿಗಾಗಿ ಕೂಗಿದರು. ಕೊನೆಗೆ ಯಾರದೋ ಪಿಕಪ್ ಲಾರಿಯ ಹಿಂದೆ ಹುಲ್ಲು ಹಾಸಿ ಮಲಗಿಸಿದರು. ವರ್ಡೀ ಸ್ಟಿಯರಿಂಗು ಹಿಡಿದಳು, ಗ್ರೇಡಿ ಹಿಂದೆ ಕೂತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಆ ಲಾರಿಗೆ ಸ್ಪ್ರಿಂಗುಗಳೇ ಸತ್ತುಹೋಗಿದ್ದವು. ಅವಳಿಗೆ ಗೊತ್ತಿದ್ದ ವಿದ್ಯೆಯೆಲ್ಲ ಹಾಕಿದಳು. ಪ್ರತಿ ಗುಂಡಿಯೂ ಹಿಂದಕ್ಕೆ ತಲುಪುತ್ತಿತ್ತು, ಪ್ರತಿ ಗುಂಡಿಗೂ ಅವನ ದನಿ ಕೇಳುತ್ತಿತ್ತು. ಘಾಟಿ ಇಳಿದು ಹೊಳೆಯ ಸೇತುವೆ ಹತ್ತುವಾಗ ದನಿ ನಿಂತಿತು. ಗ್ರೇಡಿ ಹಿಂದಿನಿಂದ ಗಾಜು ತಟ್ಟಿ, "ನಿಧಾನ ಹೋಗು ವರ್ಡೀ. ಇನ್ನು ಅವಸರ ಇಲ್ಲ," ಅಂದ.

ಅವಳು ಸೇತುವೆ ದಾಟಿ ಲಾರಿ ಪಕ್ಕಕ್ಕೆ ನಿಲ್ಲಿಸಿದಳು. ಇಳಿದು ಹೋಗಿ ಹೊಳೆಯ ದಂಡೆಯಲ್ಲಿ ಕೂತಳು. ಅತ್ತಳೋ ಇಲ್ಲವೋ ಗ್ರೇಡಿ ಯಾರಿಗೂ ಹೇಳಲಿಲ್ಲ.

ಡೆಲ್ಮರನ ಮಣ್ಣು ಮುಗಿದ ದಿನ ಊಟದ ಮೇಜಿನ ಮುಂದೆ ಅವಳು ಮಾವನನ್ನು ಕೇಳಿದಳು. "ಆ ಗಾಡಿನ ಯಾಕೆ ಕರೆಸಿಕೊಂಡ್ರಿ?"

"ಒಂದೇ ಗಾಡಿ, ಎರಡು ಕೆಲಸ. ಯಾವಾಗ್ಲೂ ಹಾಗೇ ನಡೀತಾ ಬಂದಿದೆ."

"ಸತ್ತೋರು ಕಾಯ್ತಾರೆ ಮಾವ."

"ಅವರ ಮನೆಯೋರು ಕಾಯಲ್ಲ. ನೀನು ಈ ಮನೆ ಅನ್ನ ತಿಂತಿದ್ದೀಯ, ನೆನಪಿರಲಿ."

ವರ್ಡೀ ತಟ್ಟೆಯನ್ನು ಮುಂದಕ್ಕೆ ತಳ್ಳಿ ಎದ್ದಳು. ಗಾಡಿ ಹೋದದ್ದು ತನ್ನ ಕಣ್ಣಿಗೂ ಬೀಳಲಿಲ್ಲವಲ್ಲ ಎಂಬುದು ಅವಳನ್ನು ಮಾವನ ಮಾತಿಗಿಂತ ಹೆಚ್ಚಾಗಿ ಕೊರೆಯುತ್ತಿತ್ತು. ಅಂದಿನಿಂದ ಅವಳು ಎಲ್ಲಿಗೇ ಓಡಲು ಹೋದರೂ ಕಾರಿನಿಂದ ಇಳಿಯುವ ಮುಂಚೆ ಮಾಡುತ್ತಿದ್ದ ಮೊದಲ ಕೆಲಸ ಆಂಬ್ಯುಲೆನ್ಸು ಎಲ್ಲಿದೆ ಎಂದು ಕತ್ತೆತ್ತಿ ನೋಡುವುದು.

ಮುಂದಿನ ಭಾನುವಾರ ಕಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾವಾದ ಕಣ ನೋಡಲು ಜನ ದೂರದಿಂದೆಲ್ಲ ಬಂದಿದ್ದರು. ಪಾದ್ರಿಯೊಬ್ಬ ಧ್ವನಿವರ್ಧಕದಲ್ಲಿ ಡೆಲ್ಮರನಿಗಾಗಿ ಪ್ರಾರ್ಥನೆ ಹೇಳಿದ. ಕಾರುಗಳು ಸಾಲುಗಟ್ಟಿದವು. ವರ್ಡೀ ಗೇಟಿನ ಕಡೆ ನೋಡಿದಳು. ಕಪ್ಪು ಗಾಡಿ ಇರಲಿಲ್ಲ. ಬೇಲಿಯಾಚೆ ನಿಂತಿದ್ದ ಗ್ರೇಡಿಯೂ ಅದನ್ನೇ ನೋಡುತ್ತಿದ್ದ. ಹಸಿರು ಬಾವುಟ ಏಳುವ ಮೊದಲೇ ಅವಳು ಸಾಲಿನಿಂದ ಹೊರಬಂದು, ಮುಂದೆ ಹೋಗಿ, ಓಟ ಶುರುವಾಗುವ ಬಿಳಿ ಗೆರೆಯ ಮೇಲೆ ಫೋರ್ಡನ್ನು ಅಡ್ಡಡ್ಡ ನಿಲ್ಲಿಸಿ ಎಂಜಿನ್ ಆರಿಸಿದಳು.

ಪ್ರೂಯಿಟ್ ಏದುಸಿರು ಬಿಡುತ್ತ ಓಡಿ ಬಂದ. "ಏನಾಯ್ತು? ಕೆಟ್ಟುಹೋಯ್ತಾ?"

"ಇಲ್ಲ, ಚೆನ್ನಾಗಿದೆ. ಆಂಬ್ಯುಲೆನ್ಸು ಎಲ್ಲಿ?"

"ಕ್ಲೋವಿಸ್ ಯಾವುದೋ ಮಣ್ಣಿಗೆ ಹೋಗಿದ್ದಾನೆ, ಬಂದುಬಿಡ್ತಾನೆ. ನೀನು ಮೊದ್ಲು ಗಾಡಿ ತೆಗಿ."

"ಅವನು ಬರ್ಲಿ, ತೆಗೀತೀನಿ."

"ಜನ ನೋಡು ವರ್ಡೀ! ನನ್ನ ಚರ್ಮ ಸುಲೀತಾರೆ!"

"ಸುಲಿದ್ರೆ ನಿಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೂ ಗಾಡಿ ಇಲ್ಲ, ಮಿಸ್ಟರ್ ಪ್ರೂಯಿಟ್. ಯೋಚನೆ ಮಾಡಿ."

ಅವಳು ಸೀಟಿನ ಪಕ್ಕದಿಂದ ಕಾಗದದ ಚೀಲ ತೆಗೆದು ಕಡಲೆಕಾಯಿ ಬಿಡಿಸತೊಡಗಿದಳು. ಸಿಪ್ಪೆ ಕಿಟಕಿಯಿಂದ ಹೊರಗೆ, ನೇರವಾಗಿ ಬಿಳಿ ಗೆರೆಯ ಮೇಲೆ. ಹಿಂದಿನ ಕಾರುಗಳಿಂದ ಬೈಗುಳ ಹಾರಿ ಬಂತು. ಹಲಗೆಗಳ ಮೇಲಿಂದ ಬಾಟಲಿಯೊಂದು ಬಂದು ಫೋರ್ಡಿನ ತಲೆಗೆ ಬಡಿಯಿತು. "ಎಳೆದು ಹಾಕ್ರೋ ಅವಳನ್ನ!" ಎಂದು ಯಾರೋ ಕೂಗಿದರು. ಅವಳು ಜಪ್ಪಯ್ಯ ಅನ್ನಲಿಲ್ಲ. ಇನ್ನೊಂದು ಕಡಲೆಕಾಯಿ ಬಿಡಿಸಿದಳು.

ಆಗ ಸಾಲಿನ ಮೊದಲ ಕಾರು ಗುರುಗುಟ್ಟಿತು. ರಾಯ್ಸ್ ಟಾಲಿ. ಅವನು ನೇರ ಅವಳ ಕಡೆಗೇ ಬಂದ. ಗುದ್ದುತ್ತಾನೆ ಎಂದುಕೊಂಡು ಜನ ಎದ್ದು ನಿಂತರು. ಗ್ರೇಡಿ ಬೇಲಿ ಹತ್ತಲು ಶುರುಮಾಡಿದ್ದ. ರಾಯ್ಸ್ ಫೋರ್ಡಿನ ಮೂತಿಗೆ ತನ್ನ ಕಾರಿನ ಮೂತಿ ತಾಗಿಸಿ ಉಳಿದ ಅರ್ಧ ದಾರಿಯನ್ನೂ ಮುಚ್ಚಿ ನಿಲ್ಲಿಸಿದ. ಎಂಜಿನ್ ಆರಿಸಿದ. ಇಳಿದು ಬಂದು ಅವಳ ಕಿಟಕಿಯ ಬಳಿ ನಿಂತ. ಅವನ ಕಣ್ಣು ಕೆಂಪಗಾಗಿತ್ತು.

"ನಮ್ಮ ತಂಗಿ ಕೇಳಿದ್ಲು," ಅಂದ. "ಕೊನೇಲಿ ಅವನು ಏನಾದ್ರೂ ಅಂದ್ನಾ ಅಂತ."

"ಅಮ್ಮನ್ನ ಕರೀತಿದ್ದ. ನಿಮ್ಮನ್ನೂ ಒಂದ್ಸಲ ಕರೆದ."

ರಾಯ್ಸ್ ತಲೆ ಆಡಿಸಿದ. ಪ್ರೂಯಿಟನ ಕಡೆ ತಿರುಗಿದ. "ಪಕ್ಕದೂರಿಗೆ ಫೋನು ಮಾಡು. ಅಲ್ಲಿಂದ ತರಿಸು. ಅಲ್ಲೀವರೆಗೂ ನನ್ನ ಕಾರು ಇಲ್ಲೇ ಇರುತ್ತೆ."

ಪಕ್ಕದೂರಿನ ಗಾಡಿ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು, ಅರ್ಧ ಜನ ದುಡ್ಡು ವಾಪಸು ಕೇಳಿ ಹೋಗಿದ್ದರು. ಓಟ ನಡೆಯಿತು. ಮುಗಿದ ಮೇಲೆ ಪ್ರೂಯಿಟ್ ಬೇಲಿಯ ಬಳಿಗೆ ಬಂದು, ಇನ್ನು ಈ ಕಣದಲ್ಲಿ ನಿನ್ನ ಕಾರು ಬೇಡ ಎಂದು ಹೇಳಿದ. ವರ್ಡೀ ವಾದ ಮಾಡಲಿಲ್ಲ. "ನಾನು ಬರಲ್ಲ. ಗಾಡಿ ಬರ್ಬೇಕು," ಅಂದಳು ಅಷ್ಟೇ.

ಗಾಡಿ ಬಂತು. ಬರದೆ ಬೇರೆ ದಾರಿ ಇರಲಿಲ್ಲ. ಅದು ಕಾಣದೆ ಓಟಗಾರರು ಎಂಜಿನ್ನೇ ಹಚ್ಚುತ್ತಿರಲಿಲ್ಲ. ಚಳಿಗಾಲ ಕಳೆಯುವುದರೊಳಗೆ ಮುದುಕ ಆಂಬ್ರೋಸ್ ಎರಡನೆಯದೊಂದು ಗಾಡಿ ಕೊಂಡ, ಬಿಳಿ ಬಣ್ಣದ್ದು. ಯಾಕೆ ಎಂದು ಹೇಳಲಿಲ್ಲ, ಸೊಸೆಯೂ ಕೇಳಲಿಲ್ಲ. ಅದರ ಸ್ಟಿಯರಿಂಗು ಮಾತ್ರ ಕ್ಲೋವಿಸನಿಗೆ ಸಿಗಲಿಲ್ಲ. ವಾರದ ದಿನಗಳಲ್ಲಿ ಅದನ್ನು ವರ್ಡೀಯೇ ಓಡಿಸಿದಳು.

ಭಾನುವಾರಗಳು ಬೇರೆ ಊರುಗಳಿಗೆ ಹೋದವು. ಎರಡು ಬೇಸಿಗೆ ಗಂಡ ಹೆಂಡತಿ ಫೋರ್ಡನ್ನು ಲಾರಿಗೆ ಕಟ್ಟಿಕೊಂಡು ದಕ್ಷಿಣ ಕ್ಯಾರೊಲಿನಾ, ಜಾರ್ಜಿಯಾ, ಟೆನೆಸ್ಸಿ ಎಂದು ಅಲೆದರು. ಲಾರಿಯಲ್ಲೇ ನಿದ್ದೆ, ತಣ್ಣಗಾದ ಬನ್ನಿನ ನಡುವೆ ಹಂದಿಮಾಂಸದ ತುಂಡು, ಅದೇ ಊಟ. ಕೆಲವು ಕಡೆ ಗೇಟಿನಿಂದಲೇ ವಾಪಸು ಕಳಿಸಿದರು. ಒಂದು ಕಡೆ ಭುಜದ ಮೂಳೆ ಮುರಿಯಿತು. ಒಳಗೆ ಬಿಟ್ಟ ಕಡೆಯಲ್ಲೆಲ್ಲ ಅವಳ ಮೊದಲ ಪ್ರಶ್ನೆ, "ಆಂಬ್ಯುಲೆನ್ಸು ಎಲ್ಲಿ?" ಮೊದಲು ನಕ್ಕರು. ಒಂದೆರಡು ಕಡೆ ಗೆರೆಯ ಮೇಲೆ ಅಡ್ಡ ನಿಂತ ಮೇಲೆ ನಗು ನಿಂತಿತು. ಆ ಬೆಟ್ಟಸಾಲಿನ ಓಟಗಾರರ ಬಾಯಲ್ಲಿ ಆಂಬ್ಯುಲೆನ್ಸಿಗೆ ಹೆಸರೇ ಬದಲಾಯಿತು. "ವರ್ಡೀ ಬಂತಾ?" "ಬಂತು, ಗೇಟಿನ ಹತ್ರ ನಿಂತಿದೆ." "ಸರಿ, ಹಚ್ಚು."

ಪ್ರೂಯಿಟ್ ಕೊನೆಗೂ ತಾನೇ ಅಂಗಡಿಗೆ ಬಂದ. ಕುರ್ಚಿ ಕೊಳ್ಳುವವನ ಹಾಗೆ ಅದೂ ಇದೂ ಮುಟ್ಟಿ ನೋಡಿ, "ಜನ ನಿನ್ನ ಕೇಳ್ತಾರೆ," ಅಂದ.

"ಯಾರು?"

"ಎಲ್ರೂ. ಬಾಟ್ಲಿ ಎಸೆದೋನೂ ಕೇಳ್ದ."

ಅವಳು ವಾಪಸು ಹೋದ ಬೇಸಿಗೆಯಲ್ಲೇ ಗೆದ್ದಳು. ಬಿಸಿಲು ಕೆಮ್ಮಣ್ಣನ್ನು ಒಣಗಿಸಿ ಹೆಂಚಿನ ಹಾಗೆ ನುಣುಪು ಮಾಡಿದ್ದ ದಿನ. ಜೋರು ಮಾಡಿದವರ ಟಯರುಗಳು ಒಂದರ ಹಿಂದೊಂದು ಸಿಡಿದವು, ಒಬ್ಬೊಬ್ಬರಾಗಿ ಪಿಟ್ಟಿಗೆ ಸರಿದರು. ನಿಲ್ಲದೆ ಓಡುವುದನ್ನು ಕಲಿತಿದ್ದವಳು ಓಡುತ್ತಲೇ ಇದ್ದಳು. ಕೊನೆಗೆ ಉಳಿದವರು ಇಬ್ಬರು, ಮುಂದೆ ರಾಯ್ಸ್, ಹಿಂದೆ ಅವಳು. ರಾಯ್ಸ್ ಏನೂ ಬಿಟ್ಟುಕೊಡಲಿಲ್ಲ. ಅವಳು ಎಡಕ್ಕೆ ಬಂದರೆ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ ಬಂದು ಅಡ್ಡಗಟ್ಟಿದ. ಮೂರನೇ ತಿರುವಿನಲ್ಲಿ ಅವನ ಹಿಂಭಾಗ ಒಂದಿಷ್ಟು ಹೊರಕ್ಕೆ ಜಾರಿತು. ವರ್ಡೀ ಆ ಸಂದಿಗೆ ಫೋರ್ಡನ್ನು ಸೂಜಿಗೆ ದಾರ ಪೋಣಿಸಿದ ಹಾಗೆ ತೂರಿಸಿದಳು. ಗೆರೆ ದಾಟುವಾಗ ಇಬ್ಬರ ನಡುವೆ ಒಂದು ಬಾಗಿಲಿನಷ್ಟು ಅಂತರ.

ಗೆದ್ದವರಿಗೆ ಮುತ್ತು ಕೊಡಲು ತಂಬಾಕು ರಾಣಿ ಅಂತ ಒಬ್ಬ ಹುಡುಗಿಯನ್ನು ಸಿಂಗರಿಸಿ ನಿಲ್ಲಿಸಿದ್ದರು. ಅವಳು ಟ್ರೋಫಿ ಹಿಡಿದುಕೊಂಡು ಏನು ಮಾಡುವುದೆಂದು ತೋಚದೆ ಅತ್ತಿತ್ತ ನೋಡಿದಳು.

"ಬಾ ಮಗಳೇ, ಕೆನ್ನೆಗೆ ಕೊಡು," ಎಂದಳು ವರ್ಡೀ. "ಮಣ್ಣು ಹತ್ತಿದ್ರೆ ನಿಮ್ಮಮ್ಮನಿಗೆ ನನ್ನ ಹೆಸರು ಹೇಳು."

ರಾಯ್ಸ್ ಬಂದು ಕೈ ಚಾಚಿದ. "ನಾನು ಬೇಕಂತ ಬಿಟ್ಟೆ ಅಂತ ಊರೆಲ್ಲಾ ಹೇಳ್ತಾರೆ. ನಂಬಬೇಡ."

"ನಂಬಲ್ಲ. ನಿಮಗೆ ಅಷ್ಟು ಒಳ್ಳೆ ಬುದ್ಧಿ ಇಲ್ಲ ಅಂತ ಗೊತ್ತು."

ಆಮೇಲೆ ಇನ್ನೂ ಕೆಲವು ವರ್ಷ ಓಡಿದಳು, ಇನ್ನೆರಡು ಸಲ ಗೆದ್ದಳು. ಡಾಂಬರಿನ ದೊಡ್ಡ ಕಣಗಳು ಬಂದು ಕಾರುಗಳ ಬೆಲೆ ಗ್ರೇಡಿಯ ಗ್ಯಾರೇಜಿಗೆ ಎಟುಕದಷ್ಟು ಏರಿದಾಗ ಬಿಟ್ಟಳು. ಎಪ್ಪತ್ತನೇ ಇಸವಿಯ ಆಚೆ ಪಿಟ್ಟಿನ ನಿಯಮ ಸಡಿಲಾದಾಗ ಯಾರೋ ಅವಳನ್ನು ಕರೆದುಕೊಂಡು ಹೋಗಿ ಒಳಗೆಲ್ಲ ತೋರಿಸಿದರು. ಎಣ್ಣೆಯ ಕಲೆ, ಸಿಗರೇಟು ತುಂಡು, ಬೊಗಳೆ ಬಿಡುತ್ತ ನಿಂತ ಗಂಡಸರು. ಅವಳು ಸುತ್ತ ನೋಡಿ, "ಇದಕ್ಕಿಂತ ನಮ್ಮ ಹುಲ್ಲುಗಾವಲೇ ವಾಸಿ ಇತ್ತು, ನೆರಳಾದ್ರೂ ಇತ್ತು," ಎಂದು ಗ್ರೇಡಿಗೆ ಹೇಳಿದಳು.

ಆ ಹೊತ್ತಿಗೆ ಕೌಂಟಿ ಆಡಳಿತದವರು ಸ್ವಂತ ಆಂಬ್ಯುಲೆನ್ಸು ದಳ ಕಟ್ಟಿದ್ದರು. ಓಡಿಸುವುದನ್ನು ಕಲಿಸಲು ವರ್ಡೀಯನ್ನು ಕೇಳಿಕೊಂಡರು. ಅವಳು ಕಲಿಸುತ್ತಿದ್ದ ಬಗೆಯೇ ಬೇರೆ. ಮುಂದಿನ ಸೀಟಿನಲ್ಲಿ ಕೂರುತ್ತಿರಲಿಲ್ಲ. ಹಿಂದೆ ಹೋಗಿ ರೋಗಿಯ ಸ್ಟ್ರೆಚರಿನ ಮೇಲೆ ಅಂಗಾತ ಮಲಗಿ, ಬೆಲ್ಟು ಬಿಗಿಸಿಕೊಂಡು, "ಹೊರಡು. ನನ್ನ ಸೊಂಟ ಮುರಿದಿದೆ ಅಂದ್ಕೋ," ಅನ್ನುತ್ತಿದ್ದಳು. ಬಕ್‌ಹಾರ್ನ್ ಘಾಟಿಯುದ್ದಕ್ಕೂ ಹಿಂದಿನಿಂದ ಬೈಗುಳ ಬರುತ್ತಿತ್ತು. "ಸತ್ತೆ ಕಣೋ! ಈ ಗುಂಡಿಗೆ ಸತ್ತೆ! ವಾಪಸು ತಿರುಗಿಸು, ಮೊದಲಿಂದ ಬಾ!" ಯುದ್ಧದಲ್ಲಿ ಟ್ಯಾಂಕು ಓಡಿಸಿ ಬಂದ ಗಂಡಸರೂ ಘಾಟಿಯ ಬುಡದಲ್ಲಿ ಬೆವರು ಒರೆಸಿಕೊಂಡು ಇಳಿಯುತ್ತಿದ್ದರು.

ದಳಕ್ಕೆ ಸೇರಿದ ಮೊದಲ ಹೆಂಗಸು ಲೊರೀನ್, ಕಾಲುಚೀಲದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವಳು. ಅವಳ ಸರದಿ ಬಂದ ದಿನ ಮಂಜು ಬಿದ್ದು ರಸ್ತೆ ಒದ್ದೆಯಾಗಿತ್ತು. ಮೊದಲ ತಿರುವು ದಾಟಿದಳು, ಎರಡನೆಯದು ದಾಟಿದಳು, ಹಿಂದಿನಿಂದ ಏನೂ ಸದ್ದಿಲ್ಲ. ಅರ್ಧ ಘಾಟಿ ಇಳಿದರೂ ಒಂದು ಬೈಗುಳವಿಲ್ಲ. ಕನ್ನಡಿಯಲ್ಲಿ ನೋಡಿದರೆ ಮುದುಕಿ ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಮಲಗಿದ್ದಾಳೆ.

"ಮಿಸ್ ವರ್ಡೀ? ಮಿಸ್ ವರ್ಡೀ, ಹುಷಾರಾಗಿದ್ದೀರಾ?"

"ಮಾತಾಡಬೇಡ ಹುಡುಗಿ," ಎಂದಿತು ಹಿಂದಿನಿಂದ ಒಂದು ಮಂಪರು ದನಿ. "ಈಗಷ್ಟೇ ಕಣ್ಣು ಹತ್ತಿತ್ತು. ಹೀಗೇ ಓಡಿಸ್ತಾ ಇರು."